ಹನಿ ಬೀಳದ ಸಾಂಬಾರ್ ಬಕೆಟ್ಟು

ಕಳೆದ ಭಾನುವಾರ ನಮ್ಮ ಕೆಳಗಿನ ಮಹಡಿಗೆ ಹೊಸದಾಗಿ ಬಂದ ಸರೋಜಳ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಬಡಿಸುವವನ ಸೌಟಿನಿಂದ ಎರಡು ಹನಿ ಸಾಂಬಾರು ನನ್ನ ಪಂಚೆಯ ಮೇಲೆ ಬಿತ್ತು. ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ. ಪಕ್ಕದ ಎಲೆಯವರು ‘ಅಯ್ಯೋ’ ಅಂದರು, ಬಡಿಸುವವನು ನಾಲಿಗೆ ಕಚ್ಚಿಕೊಂಡ, ಸರೋಜ ಒಳಗಿನಿಂದ ನೀರು ಹಿಡಿದುಕೊಂಡು ಓಡಿಬಂದಳು. ನಾನು ಮಾತ್ರ ಪಂಚೆಯನ್ನು ನೋಡಿಕೊಂಡು ‘ಎರಡು’ ಎಂದು ಗಟ್ಟಿಯಾಗಿ ಎಣಿಸಿ ನಕ್ಕುಬಿಟ್ಟೆ. ನನ್ನ ವಯಸ್ಸಿನವರು ತಮ್ಮಷ್ಟಕ್ಕೆ ನಕ್ಕರೆ ಸುತ್ತಲಿನವರಿಗೆ ಗಾಬರಿಯಾಗುತ್ತದೆ. ಸರೋಜ ನನ್ನ ಕಣ್ಣನ್ನೇ ನೋಡುತ್ತ, “ಮಾಮಾ, ತಲೆ ಸುತ್ತುತ್ತಾ? ಫ್ಯಾನ್ ಪೋಡಲಾ?” ಎಂದು ಕೇಳಿದಳು. ಅವಳು ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಮೂರು ಮಾತಿಗೊಂದು ತಮಿಳು ಇಣುಕುತ್ತದೆ.

ತಲೆ ಸುತ್ತಿರಲಿಲ್ಲ. ಒಂದು ಕಾಲದಲ್ಲಿ ನನ್ನ ಪಂಚೆಯ ಮೇಲೆ ಬಿದ್ದ ಸಾಂಬಾರಿನ ಹನಿಗಳನ್ನು ಎಣಿಸುವುದೇ ಒಂದು ಕೆಲಸವಾಗಿತ್ತು ಎಂದರೆ ನೀವು ನಂಬುವುದು ಕಷ್ಟ. ಎಲೆಯ ಮುಂದೆ ಕೂತು ಅದನ್ನೆಲ್ಲ ಹೇಳಿದರೆ ಪಾಯಸ ಆರಿಹೋಗುತ್ತದೆಂದು ಸುಮ್ಮನಾದೆ. ನಿಮಗೆ ಈಗ ಹೇಳುತ್ತೇನೆ, ಬಿಡುವಿದ್ದರೆ ಕೇಳಿ.

ಐವತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನಲ್ಲಿ ಟೈಪಿಂಗ್ ಹೈಯರ್ ಪಾಸು ಮಾಡಿ, ಜಗತ್ತು ನನ್ನ ಹತ್ತು ಬೆರಳಿಗಾಗಿ ಕಾಯುತ್ತಿದೆಯೆಂದು ನಂಬಿ ಮದ್ರಾಸಿಗೆ ಬಂದಿಳಿದಿದ್ದೆ. ತ್ರಿಪ್ಲಿಕೇನಿನ ಲಾಡ್ಜೊಂದರಲ್ಲಿ ಮೂವರಿಗೆ ಒಂದು ಕೋಣೆ, ಮೂವರಿಗೂ ಸೇರಿ ಒಂದೇ ಕನ್ನಡಿ. ಊಟ ಪಕ್ಕದ ಬೀದಿಯ ಮೆಸ್ಸಿನಲ್ಲಿ. ಅದನ್ನು ಉಡುಪಿ ಕಡೆಯ ಭಟ್ಟರೊಬ್ಬರು ನಡೆಸುತ್ತಿದ್ದರು. ಅಲ್ಲಿ ಬಡಿಸುತ್ತಿದ್ದವನು ನಾಣು. ಪೂರ್ತಿ ಹೆಸರು ನಾರಾಯಣ, ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು ಹಿಡಿದು ಎರಡು ಸಾಲುಗಳ ನಡುವೆ ಅವನು ಓಡುತ್ತಿದ್ದರೆ, ಎರಡೂ ಕಡೆಯ ಗಿರಾಕಿಗಳು ಪಂಚೆ ಎತ್ತಿಕೊಂಡು ಮೊಣಕಾಲು ಒಳಗೆ ಸೆಳೆದುಕೊಳ್ಳುತ್ತಿದ್ದರು. ಬಕೆಟ್ಟಿನಿಂದ ಎಲೆಗೆ ಹೋಗುವ ದಾರಿಯಲ್ಲಿ ಸೌಟಿನ ತಳದಿಂದ ಹನಿ ಬೀಳುತ್ತಿತ್ತು. “ಎನ್ನಯ್ಯಾ, ವೇಷ್ಟಿ ಪೂರಾ ಸಾಂಬಾರ್” ಎಂದು ದಿನಕ್ಕೊಬ್ಬರಾದರೂ ಪಂಚೆ ತೋರಿಸಿ ಅವನನ್ನು ಬೈಯುತ್ತಿದ್ದರು. ಬೈಸಿಕೊಂಡು ಬೈಸಿಕೊಂಡು ನಾಣುವಿಗೆ ಒಂದು ವಿಚಾರ ಹೊಳೆಯಿತು. ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ ಕೂರಿಸುವುದು, ಸೌಟಿನ ತಳವನ್ನು ಅದಕ್ಕೆ ಒರೆಸಿಕೊಂಡೇ ಮೇಲೆತ್ತುವುದು. ಅಷ್ಟೆ. ಕೇಳಿದವರೆಲ್ಲ ‘ಇಷ್ಟೇನಾ’ ಅನ್ನುವಂಥದ್ದು, ಆದರೆ ಅದುವರೆಗೆ ಯಾರೂ ಮಾಡಿರಲಿಲ್ಲ.

ಅದನ್ನು ಅವನು ಮೊದಲು ಹೇಳಿದ್ದು ನನಗೆ. ಯಾಕೆಂದರೆ ನಾನು ಕೆಲಸಕ್ಕಿದ್ದ ಜಾಗ ಅಂಥದ್ದು. ನುಂಗಂಬಾಕ್ಕಂನ ಒಂದು ಮಹಡಿಯಲ್ಲಿ ಎರಡು ಕೋಣೆ, ಬಾಗಿಲಿಗೆ ಫಳಫಳ ಹೊಳೆಯುವ ಹಿತ್ತಾಳೆಯ ಫಲಕ. ಹೊಸ ಯಂತ್ರ, ಹೊಸ ಉಪಕರಣ ಕಂಡುಹಿಡಿದವರಿಗೆ ಪೇಟೆಂಟು ಮಾಡಿಸಿಕೊಟ್ಟು ಲೋಕಪ್ರಸಿದ್ಧಿ ತಂದುಕೊಡುವ ಕಂಪನಿಯೆಂದು ಅದು ಹೇಳಿಕೊಳ್ಳುತ್ತಿತ್ತು. ಪೇಪರಿನ ಜಾಹೀರಾತು ನೋಡಿ ಜನ ತಮ್ಮ ವಿಚಾರವನ್ನು ಬರೆದು ಕಳಿಸುತ್ತಿದ್ದರು. ನಾನು ಉತ್ತರ ಟೈಪು ಮಾಡುತ್ತಿದ್ದೆ. ‘ನಮ್ಮ ನಿಪುಣರ ಮಂಡಳಿಯು ತಮ್ಮ ಆವಿಷ್ಕಾರವನ್ನು ಅತ್ಯಾಸಕ್ತಿಯಿಂದ ಪರಿಶೀಲಿಸಿದೆ. ಇಂಥ ಪ್ರತಿಭೆ ಅಪರೂಪವೆಂದು ಒಮ್ಮತದಿಂದ ಅಭಿಪ್ರಾಯಪಟ್ಟಿದೆ.’ ಇಂಗ್ಲಿಷಿನಲ್ಲಿ ಅದು ಇನ್ನೂ ಗಂಭೀರವಾಗಿತ್ತು. ಹೆಸರು ಮತ್ತು ವಸ್ತು ಬದಲಾಗುತ್ತಿದ್ದವು, ಉಳಿದದ್ದು ಹಾಗೇ. ಕೆಲವು ತಿಂಗಳಲ್ಲಿ ಆ ಪತ್ರ ನನ್ನ ಬೆರಳುಗಳಿಗೇ ಬಾಯಿಪಾಠವಾಗಿ, ಮನಸ್ಸನ್ನು ಮರೀನಾ ಬೀಚಿಗೆ ಕಳಿಸಿ ಕೈಯನ್ನು ಮಾತ್ರ ಆಫೀಸಿನಲ್ಲಿಟ್ಟುಕೊಂಡಿದ್ದೆ. ಪತ್ರದ ಕೆಳಗೆ ಎಡಮೂಲೆಯಲ್ಲಿ ಮ್ಯಾನೇಜರರ ಹೆಸರಿನ ಮೊದಲಕ್ಷರಗಳು, ಒಂದು ಓರೆಗೆರೆ, ಆಮೇಲೆ ಸಣ್ಣಕ್ಷರದಲ್ಲಿ ನನ್ನ ಹೆಸರಿನ ಮೊದಲಕ್ಷರಗಳು. ತಪ್ಪು ಬಿದ್ದರೆ ಯಾರ ಕೈ ಎಂದು ಗೊತ್ತಾಗಲಿ ಅಂತ ಟೈಪಿಂಗ್ ಕಲಿಸಿದ ಮೇಷ್ಟ್ರು ರೂಢಿ ಮಾಡಿಸಿದ್ದರು. ನನಗೋ ಅದನ್ನು ಹೊಡೆಯುವಾಗ ಲೋಕದ ಕಾರ್ಯದಲ್ಲಿ ನನ್ನದೂ ಒಂದು ಸಹಿ ಬಿತ್ತೆಂಬ ಹೆಮ್ಮೆ.

ಆ ಮಂಡಳಿಯ ನಿಪುಣರು ಯಾರೂ ಎಂದೂ ಆ ಎರಡು ಕೋಣೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲೇ ಕೂತು ಪರಿಶೀಲಿಸುತ್ತಾರೇನೋ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಂದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ, ಒಂದನೇ ತಾರೀಖು ಸಂಬಳ ಬರುತ್ತಿತ್ತು. ಹಾಗಾಗಿ ನಾಣು ಬಕೆಟ್ಟಿನ ವಿಷಯ ಪಿಸುಗುಟ್ಟಿದಾಗ, “ನಮ್ಮ ಆಫೀಸಿಗೆ ಬರೀರಿ, ನಾನಿದ್ದೀನಲ್ಲ” ಅಂದೆ.

ನಾಣು ಬರೆಯುವ ಮೊದಲು ಬಸಲಿಂಗಪ್ಪನವರ ಕಿವಿಗೆ ಅದು ಬಿದ್ದದ್ದು ನಮ್ಮಿಬ್ಬರ ಪುಣ್ಯ. ಅವರು ಧಾರವಾಡದ ಕಡೆಯವರು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ನಕ್ಷೆ ಬರೆದು ನಿವೃತ್ತರಾಗಿದ್ದರು. ವಾರಕ್ಕೆರಡು ಸಲ ಎಗ್ಮೋರಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ಪೇಟೆಂಟುಗಳ ವಿವರಣೆಯ ದಪ್ಪ ಸಂಪುಟಗಳನ್ನು ತಿರುವಿಹಾಕಿ, ಅಲ್ಲಿಂದ ನಮ್ಮ ಮೆಸ್ಸಿಗೆ ಬಂದು ಮೂಲೆಯ ಮೇಜಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂರುತ್ತಿದ್ದರು. ಏನಾದರೂ ಕಂಡುಹಿಡಿದೆನೆಂದು ನಂಬಿದವರೆಲ್ಲ ಅವರನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಸೈಕಲ್ಲಿಗೆ ಸಿಕ್ಕಿಸುವ ಛತ್ರಿಯವನು, ಡಿಕಾಕ್ಷನ್ ಇಳಿದಾಗ ಶಿಳ್ಳೆ ಹೊಡೆಯುವ ಫಿಲ್ಟರಿನವನು. ದುಡ್ಡು ಮುಟ್ಟುತ್ತಿರಲಿಲ್ಲ, ಕಾಫಿಯ ಬಿಲ್ಲನ್ನೂ ತಾವೇ ಕೊಡುತ್ತಿದ್ದರು. ಬಂದವರನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಇದನ್ನ ಯಾರ್ಯಾರಿಗೆ ಹೇಳೀರಿ?” ಬಂದವನು ನಾಲ್ಕು ಹೆಸರು ಹೇಳಿದರೆ ಅವರ ಮುಖ ಸಣ್ಣದಾಗುತ್ತಿತ್ತು. ರೈಲಿನ ಕಿಟಕಿಯ ಬಾಗಿಲು ಬೆರಳ ಮೇಲೆ ಬೀಳದಂತೆ ತಡೆಯುವ ಕೊಂಡಿಯೊಂದನ್ನು ಹರೆಯದಲ್ಲಿ ಅವರು ಯೋಚಿಸಿದ್ದರಂತೆ. ಸಂತೋಷ ತಡೆಯಲಾರದೆ ಕಂಡಕಂಡವರಿಗೆಲ್ಲ ಬಿಡಿಸಿ ತೋರಿಸಿ, ಅರ್ಜಿ ಹಾಕುವ ಹೊತ್ತಿಗೆ ಅದು ಊರಿಗೆಲ್ಲ ಗೊತ್ತಿದ್ದ ಸಂಗತಿಯಾಗಿ, ಪೇಟೆಂಟಿಗೆ ಬಾರದ್ದಾಯಿತಂತೆ. “ನನ್ನ ಬಾಯೇ ನನ್ನ ಮನಿ ಮುರೀತು ನೋಡ್ರಿ” ಎಂದು ನಗುತ್ತ ಹೇಳುತ್ತಿದ್ದರು.

ಎರಡನೆಯ ಮಾತು, “ಮಾಡಿ ತೋರಸ್ರಿ.” ಕಾಗದದ ಮೇಲೆ ಎಲ್ಲವೂ ಕೆಲಸ ಮಾಡುತ್ತದೆ ಎಂಬುದು ಅವರ ದೂರು. ಈ ಮಾತಿಗೆ ನಾನೂ ಸಿಕ್ಕಿಬಿದ್ದಿದ್ದೇನೆ. ಟೈಪ್‌ರೈಟರಿನ ಕಾಗದ ಹೊತ್ತ ಗಾಡಿ ಎಡಬಲಕ್ಕೆ ಓಡುವ ಬಲದಿಂದಲೇ ಬೀಸಣಿಗೆ ಬೀಸುವಂತೆ ಮಾಡಿದರೆ ಮದ್ರಾಸಿನ ಸೆಕೆಯಲ್ಲಿ ಟೈಪಿಸ್ಟರ ಕುಲವೇ ನನ್ನನ್ನು ಹರಸೀತೆಂದು ಲೆಕ್ಕ ಹಾಕಿದ್ದೆ. ಅವರು ಮಾಡಿ ತೋರಿಸು ಅಂದರು. ಮಾಡಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಕಾರ್ಬನ್ ಕಾಗದಗಳೆಲ್ಲ ಕಿಟಕಿಯಿಂದ ಹಾರಿ ಎದುರುಮನೆಯ ಸಂಡಿಗೆಯ ಮೇಲೆ ಕೂತವು.

ನಾಣು ಎಲ್ಲ ಹೇಳಿದ ಮೇಲೆ ಬಸಲಿಂಗಪ್ಪನವರು ನಾನು ಆಫೀಸಿನಿಂದ ಅವನಿಗೆ ತಂದುಕೊಟ್ಟಿದ್ದ ಛಾಪಿಸಿದ ಕಾಗದವನ್ನು ಓದಿದರು. ಅದಕ್ಕೆ ಸಹಿ ಹಾಕಿ ‘ವಿಶ್ವ ನೋಂದಣಿ’ಯ ಶುಲ್ಕದ ಜೊತೆ ಕಳಿಸಬೇಕಿತ್ತು. ಆ ಶುಲ್ಕಕ್ಕೆ ನಾಣು ಇಟ್ಟುಕೊಂಡದ್ದು ಊರಿಗೆ ಹೋಗಲೆಂದು ಕೂಡಿಸಿದ ದುಡ್ಡು. ಅವನು ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಕೈಗೂಸಾಗಿದ್ದಾಗ ಬಿಟ್ಟುಬಂದ ಮಗಳು ನಡೆಯುವುದನ್ನು ಅವನಿನ್ನೂ ಕಂಡಿರಲಿಲ್ಲ. ಈ ದೀಪಾವಳಿಗೂ ಹೋಗದಿದ್ದರೆ ಪರವಾಗಿಲ್ಲ, ಬಕೆಟ್ಟು ಗೆದ್ದರೆ ಎಲ್ಲರನ್ನೂ ಇಲ್ಲಿಗೇ ಕರೆಸಿಕೊಳ್ಳುವುದೆಂದು ಅವನ ಯೋಚನೆ.

“ಒಂದು ವಾರ ತಡೀರಿ,” ಎಂದರು ಬಸಲಿಂಗಪ್ಪನವರು. “ಸಹಿ ಎಲ್ಲಿ ಓಡಿಹೋಗತೈತಿ?”

ವಾರ ಹತ್ತು ದಿನವಾಯಿತು. ಹನ್ನೊಂದನೆಯ ಸಂಜೆ ಅವರು ಜೇಬಿನಿಂದ ಒಂದು ಲಕೋಟೆ ತೆಗೆದು, “ತಮ್ಮಾ, ನಿನ್ನ ಇಂಗ್ಲಿಷ್ ಛಲೋ ಐತಿ. ಇದನ್ನಷ್ಟು ಓದಿ ನಾಣೂಗ ಅರ್ಥ ಹೇಳು,” ಎಂದರು. ನಮ್ಮ ಕಂಪನಿಯದೇ ಪತ್ರ. ಬಸಲಿಂಗಪ್ಪನವರ ಹೆಂಡತಿ ಗೌರಮ್ಮನವರ ಹೆಸರಿಗೆ ಬಂದಿತ್ತು. ನಾನು ಎದೆಯುಬ್ಬಿಸಿ ಓದಿದೆ. ನಿಪುಣರ ಮಂಡಳಿ, ಅತ್ಯಾಸಕ್ತಿ, ಅಪರೂಪದ ಪ್ರತಿಭೆ, ಎಲ್ಲ ಇತ್ತು. ಲೋಕದ ಅಡುಗೆಮನೆಗಳಲ್ಲೇ ಕ್ರಾಂತಿಯಾಗಲಿದೆ ಎಂದೂ ಇತ್ತು. ಭಟ್ಟರು ಗಲ್ಲಾ ಬಿಟ್ಟು ಎದ್ದುಬಂದರು. ಅಡುಗೆಯವರು ಬಾಗಿಲಲ್ಲಿ ನಿಂತರು.

“ಅಮ್ಮ ಎಂತ ಕಂಡುಹಿಡಿದದ್ದು ಮಾರಾಯ್ರೆ?” ಎಂದು ನಾಣು ಬೆರಗಿನಿಂದ ಕೇಳಿದ.

ಬಸಲಿಂಗಪ್ಪನವರು ತಾವು ಕಳಿಸಿದ್ದ ವಿವರಣೆಯ ನಕಲನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ಭಾರವಾದ ಒಂದು ಸ್ಥಿರ ಭಾಗ. ಅದರ ನಡುವೆ ಬೋಗುಣಿಯಂಥ ಕುಳಿ. ಆ ಕುಳಿಯಲ್ಲಿ ಕೈಯ ಬಲದಿಂದ ತಿರುಗುವ ಮೊಟ್ಟೆಯಾಕಾರದ ಇನ್ನೊಂದು ಭಾಗ. ಎರಡರ ನಡುವೆ ನೆನೆದ ಧಾನ್ಯ ನೀರಿನೊಡನೆ ನುಣ್ಣಗಾಗುವುದು. ಇಂಧನದ ಖರ್ಚಿಲ್ಲ. ಹೇಳಿ ಮುಗಿಸಿ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅಡುಗೆಯವರು ಬಗ್ಗಿ ನೋಡಿ, “ಇದು ನಮ್ಮ ಕಡೆಯುವ ಕಲ್ಲಲ್ವಾ?” ಎಂದರು. ಮೆಸ್ಸಿಗೆ ಮೆಸ್ಸೇ ನಕ್ಕಿತು. ಅಜ್ಜಿಯ ಅಜ್ಜಿ ದೋಸೆಹಿಟ್ಟು ರುಬ್ಬಿದ ಕಲ್ಲಿಗೆ ನಮ್ಮ ನಿಪುಣರು ಅಪರೂಪದ ಪ್ರತಿಭೆ ಎಂದಿದ್ದರು.

ನಾನು ಸೋಲು ಒಪ್ಪಲಿಲ್ಲ. “ಈ ಪತ್ರ ನಾನು ನೋಡಿಲ್ಲ ಸಾರ್. ನಮ್ಮಲ್ಲಿ ಬೇರೆಯವರೂ ಟೈಪ್ ಮಾಡ್ತಾರೆ. ಯಾರೋ ಹೊಸಬರು ಎಡವಟ್ಟು ಮಾಡಿದಾರೆ,” ಅಂದೆ. ಬೇರೆ ಯಾರೂ ಇರಲಿಲ್ಲ. ಬಸಲಿಂಗಪ್ಪನವರು ಪತ್ರದ ಎಡಮೂಲೆಯ ಮೇಲೆ ಬೆರಳಿಟ್ಟರು. ಓರೆಗೆರೆ, ಅದರ ಮುಂದೆ ಸಣ್ಣಕ್ಷರದಲ್ಲಿ ನಾನು.

ನಗು ನಿಂತಿತು. ರುಬ್ಬುವ ಕಲ್ಲನ್ನು ನಾನೇ ಟೈಪು ಮಾಡಿದ್ದೆ, ಓದದೆ. ಹಾಗಾದರೆ ಅದಕ್ಕೆ ಮೊದಲು ಓದದೆ ಇನ್ನೇನೇನು ಟೈಪು ಮಾಡಿದ್ದೆ, ಯಾರ್ಯಾರು ಅದನ್ನು ಮನೆಮಂದಿಗೆಲ್ಲ ಓದಿ ಹೇಳಿ ಕುಣಿದಿದ್ದರು ಎಂದು ಒಂದೊಂದಾಗಿ ತಲೆಗೆ ಬರತೊಡಗಿತು. ನಾಣು ಬೈಯಲಿಲ್ಲ. “ನೀವು ಹೇಳಿದ್ದಕ್ಕೇ ನಾನು ನಂಬಿದ್ದು,” ಎಂದಷ್ಟೇ ಹೇಳಿ ಬಕೆಟ್ಟು ತರಲು ಒಳಗೆ ಹೋದ. ಆ ರಾತ್ರಿ ಊಟಕ್ಕೆ ಕೂತಾಗ ಅವನು ನನ್ನ ಎಲೆಯ ಹತ್ತಿರ ಬಗ್ಗಿ, ತೀರ ಜೋಪಾನವಾಗಿ, ಒಂದು ಹನಿಯೂ ಬೀಳದಂತೆ ಬಡಿಸಿದ. ಪರಿಚಯವಿಲ್ಲದ ಗಿರಾಕಿಗೆ ಬಡಿಸುವ ಹಾಗೆ. ಪಂಚೆ ಪೂರಾ ಸಾಂಬಾರು ಸುರಿದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನವೇ ಕೆಲಸ ಬಿಡುತ್ತೇನೆಂದು ನಾನು ಗುಡುಗಿದೆ. “ಬಿಡೂದು ಸುಲಭ ತಮ್ಮಾ,” ಎಂದರು ಬಸಲಿಂಗಪ್ಪನವರು. “ಫೈಲಿನ್ಯಾಗ ಇನ್ನಾ ಸಹಿ ಹಾಕದವರ ವಿಳಾಸ ಅದಾವಲ್ಲ, ಅವರ ಗತಿ ಏನು?” ಹಾಗೆ ನಾನು ಇನ್ನೂ ಕೆಲವು ವಾರ ಆ ಕುರ್ಚಿಯಲ್ಲಿ ಕೂತೆ. ದಿನಕ್ಕೆ ನಾಲ್ಕೈದು ವಿಳಾಸ ಬರೆದುಕೊಂಡು ತರುವುದು, ಸಂಜೆ ಮೂಲೆಯ ಮೇಜಿನಲ್ಲಿ ಪೋಸ್ಟ್‌ಕಾರ್ಡು ಬರೆಯುವುದು. ಒಕ್ಕಣೆ ಬಸಲಿಂಗಪ್ಪನವರದು, ಬಹಳ ಚಿಕ್ಕದು. ‘ಸಹಿ ಹಾಕುವ ಮೊದಲು ಕಂಪನಿಗೆ ಒಂದು ಪ್ರಶ್ನೆ ಕೇಳಿ. ಕಲ್ಕತ್ತದ ಪೇಟೆಂಟ್ ಕಚೇರಿಯಲ್ಲಿ ನನ್ನ ಅರ್ಜಿಯ ನಂಬರೇನು, ತಾರೀಖೇನು?’ ನಿಜವಾಗಿ ಅರ್ಜಿ ಹಾಕಿದವರಿಗೆ ನಂಬರು ಬಂದೇ ಬರುತ್ತದೆ. ನಮ್ಮ ಕಂಪನಿ ಕೊಡುತ್ತಿದ್ದದ್ದು ಕೆಂಪು ಮೊಹರಿನ ಸರ್ಟಿಫಿಕೇಟು, ಅದು ಗೋಡೆಗೆ ಮೊಳೆ ಹೊಡೆದು ತೂಗುಹಾಕಲಿಕ್ಕೆ ಮಾತ್ರ ಲಾಯಕ್ಕು. ಕಾರ್ಡಿನ ಕೊನೆಯಲ್ಲಿ ಹೆಸರು ಹಾಕುವೆಯಾ ಎಂದು ಅವರು ಕೇಳಿದರು. ಮ್ಯಾನೇಜರರ ಕೈಗೆ ಸಿಕ್ಕರೆ ಎಂಬ ಅಂಜಿಕೆ ನನಗೆ. ‘ಒಬ್ಬ ಹಿತೈಷಿ’ ಎಂದು ಬರೆದೆ.

ಮೂರನೆಯ ಸಂಜೆ ನಾಣು ಕೈ ಒರೆಸಿಕೊಂಡು ಬಂದು ನಮ್ಮ ಮೇಜಿನಲ್ಲಿ ಕೂತು, “ಕೊಡಿ, ವಿಳಾಸ ನಾನು ಬರೀತೇನೆ. ನಿಮ್ಮ ಅಕ್ಷರ ಕಾಗೆ ಕಾಲಿನ ಹಾಗುಂಟು,” ಎಂದ. ನನಗೆ ಜೀವ ಬಂದಂತಾಯಿತು.

ಬಕೆಟ್ಟಿನ ಕೆಲಸವೂ ಆಗಲೇ ಶುರುವಾದದ್ದು. ಮೆಸ್ಸಿನಲ್ಲಿ ಪರೀಕ್ಷೆ ಮಾಡುವಂತಿರಲಿಲ್ಲ, ನೂರು ಜನ ನೋಡಿದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಆದ್ದರಿಂದ ಪೆರಂಬೂರಿನ ಮನೆಯ ಹಜಾರದಲ್ಲಿ, ಬಾಗಿಲು ಹಾಕಿಕೊಂಡು, ವಾರದ ರಜೆಯ ದಿನ. ಗಿರಾಕಿ ನಾನೊಬ್ಬನೇ. ಒಗೆದ ಬಿಳಿ ಪಂಚೆ ಉಟ್ಟು ಎಲೆಯ ಮುಂದೆ ಕೂರಬೇಕು, ನಾಣು ಒಂದೇ ಸಮನೆ ಬಡಿಸಬೇಕು, ಗೌರಮ್ಮನವರು ಹನಿ ಎಣಿಸಬೇಕು. ಪ್ರಾಯಶ್ಚಿತ್ತವನ್ನು ಇಷ್ಟು ಬಿಸಿಬಿಸಿಯಾಗಿ ಯಾರೂ ಮಾಡಿಕೊಂಡಿರಲಿಕ್ಕಿಲ್ಲ. ಮೊದಲ ದಿನ ಹದಿನೇಳು ಹನಿ. ಪಟ್ಟಿಯ ಮೇಲೆ ಒರೆಸಿದ ಸಾಂಬಾರು ಅಲ್ಲೇ ನಿಂತು, ಬಕೆಟ್ಟು ಓಲಾಡಿದಾಗ ಹೊರಗೆ ಚೆಲ್ಲುತ್ತಿತ್ತು. ಪಟ್ಟಿಯನ್ನು ಅಗಲ ಮಾಡಿದರು, ಇಪ್ಪತ್ತೆರಡಾಯಿತು. ಗಂಡಸರಿಬ್ಬರೂ ಕಾಗದ ಪೆನ್ಸಿಲು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಗೌರಮ್ಮನವರು, “ಬಚ್ಚಲಾ ಕಟ್ಟೂವಾಗ ನೀರು ಹರದು ಹೋಗ್ಲಿ ಅಂತ ಇಳಿಜಾರು ಇಡ್ತೀರಿಲ್ಲೋ? ಇದಕ್ಕೂ ಇಡ್ರಿ. ಇನ್ನ ಪಂಚೆ ಒಗಿಯೂದು ನನ್ನಿಂದಾಗೂದಿಲ್ಲ,” ಎಂದರು. ಪಟ್ಟಿಯನ್ನು ಒಳಮುಖವಾಗಿ ಓರೆ ಮಾಡಿದರು. ಮುಂದಿನ ವಾರ ಹನಿ ಮೂರಕ್ಕಿಳಿಯಿತು, ಅದರ ಮುಂದಿನ ವಾರ ಒಂದೂ ಇಲ್ಲ. ಗೌರಮ್ಮನವರು ಪಂಚೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಅರ್ಜಿಯನ್ನು ಬಸಲಿಂಗಪ್ಪನವರು ಬರೆದರು, ನಾನು ಟೈಪು ಮಾಡಿದೆ. ಈ ಸಲ ಪ್ರತಿ ಪದವನ್ನೂ ಓದಿ.

ಅರ್ಜಿ ಹೋಯಿತು, ನಂಬರು ಬಂದಿರಲಿಲ್ಲ, ಅಷ್ಟರಲ್ಲಿ ಆಯುಧಪೂಜೆ. ನಾಣು ಹಟ ಹಿಡಿದ. ಮೆಸ್ಸಿನ ಕತ್ತಿ, ಈಳಿಗೆಮಣೆ, ಕೊಪ್ಪರಿಗೆ ಎಲ್ಲಕ್ಕೂ ಪೂಜೆಯಾಗುವಾಗ ತನ್ನ ಬಕೆಟ್ಟು ಪೆಟ್ಟಿಗೆಯೊಳಗೆ ಕೂರುವುದೆಂತು? ಬಸಲಿಂಗಪ್ಪನವರು ನಂಬರು ಬರುವವರೆಗೆ ಗಾಳಿಗೂ ತೋರಿಸಬೇಡವೆಂದರು. ಕೊನೆಗೆ ಇಬ್ಬರ ಮಾತೂ ಉಳಿಯಿತು. ಬಕೆಟ್ಟಿಗೆ ಹೊಸ ಟವೆಲು ಬಿಗಿಯಾಗಿ ಸುತ್ತಿ, ಟವೆಲಿನ ಮೇಲೆಯೇ ಗಂಧ ಕುಂಕುಮ ಹಚ್ಚಿ, ಪಾತ್ರೆಗಳ ಸಾಲಿನಲ್ಲಿ ಕೂರಿಸಿ ಮಂಗಳಾರತಿ ಎತ್ತಿದರು. “ಇದರೊಳಗೆ ಎಂತ ಉಂಟು ನಾಣು?” ಎಂದು ಭಟ್ಟರು ಕೇಳಿದರು. “ದೇವರಿಗೆ ಗೊತ್ತುಂಟು. ನಿಮಗೆ ನಂಬರು ಬಂದ ಮೇಲೆ,” ಎಂದ ನಾಣು.

ದೀಪಾವಳಿಯ ಮುಂಚೆ ನಂಬರು ಬಂತು. ಅದೇ ವಾರ ನುಂಗಂಬಾಕ್ಕಂನ ಬಾಗಿಲಿನಿಂದ ಹಿತ್ತಾಳೆಯ ಫಲಕ ಮಾಯವಾಗಿತ್ತು, ಜೊತೆಗೆ ನನ್ನ ಆ ತಿಂಗಳ ಸಂಬಳವೂ. ನಂಬರು ಕೇಳುವ ಕಾಗದಗಳು ಹೆಚ್ಚಾಗಿ ಮ್ಯಾನೇಜರರಿಗೆ ಉತ್ತರ ಬರೆಯುವುದು ಕಷ್ಟವಾಗಿತ್ತೆಂದು ಕಾಣುತ್ತದೆ. ನಾಣು ಮಂಗಳೂರು ಮೇಲ್ ಹತ್ತಿ ಊರಿಗೆ ಹೋದ. ಹಿಂದಿರುಗಿ ಬಂದು ಬಕೆಟ್ಟಿನ ಸುದ್ದಿ ಎತ್ತಲೇ ಇಲ್ಲ. ಮಗಳು ಅಂಗಳದ ಈ ತುದಿಯಿಂದ ಆ ತುದಿಗೆ ಹೇಗೆ ಓಡಿದಳೆಂದು ಬಡಿಸುವ ಸಾಲಿನ ನಡುವೆಯೇ ಓಡಿ ತೋರಿಸಿದ. ಎಲ್ಲರೂ ಪಂಚೆ ಎತ್ತಿಕೊಂಡರು.

ಪೇಟೆಂಟು ನಾಣುವನ್ನು ಕುಬೇರನನ್ನಾಗಿ ಮಾಡಲಿಲ್ಲ. ಪಾತ್ರೆ ಮಾಡುವವರೊಬ್ಬರು ಒಂದಷ್ಟು ಬಕೆಟ್ಟು ಮಾಡಿ ಮಾರಿದರು, ಅದರ ಪಾಲು ಕೆಲವು ವರ್ಷ ಅವನಿಗೆ ಬಂತು. ಮನೆಮಂದಿಯನ್ನು ಕರೆಸಿಕೊಳ್ಳಲು ಅಷ್ಟು ಸಾಕಾಯಿತು. ಆಮೇಲೆ ಬಡಿಸುವವರು ಅವಸರಕ್ಕೆ ಒರೆಸುವುದನ್ನೇ ಬಿಟ್ಟರು, ಬಕೆಟ್ಟು ಮರೆತುಹೋಯಿತು. ಬಸಲಿಂಗಪ್ಪನವರು ಈಗಿಲ್ಲ, ಆ ಮೆಸ್ಸೂ ಇಲ್ಲ.

ಅಂದು ಸರೋಜಳ ಮನೆಯಲ್ಲಿ ಊಟ ಮುಗಿಸಿ ತಾಂಬೂಲ ಹಾಕಿಕೊಳ್ಳುತ್ತಿದ್ದೆ. ಅವಳು ಒಂದು ಲಕೋಟೆ ತಂದಳು. ಎರಡು ವರ್ಷದ ಹಿಂದೆ ಅವಳ ಎಡಗೈ ಮುರಿದು ಸರಿಯಾಗಿ ಕೂಡಿಕೊಂಡಿಲ್ಲ. ಒಂದೇ ಕೈಯಲ್ಲಿ ಮಲ್ಲಿಗೆ ಕಟ್ಟಲೆಂದು ಅವಳೇ ಒಂದು ಮರದ ಸ್ಟ್ಯಾಂಡು ಮಾಡಿಕೊಂಡಿದ್ದಾಳೆ, ಅದರ ವಿವರವನ್ನು ಎಲ್ಲಿಯೋ ಜಾಹೀರಾತು ನೋಡಿ ಕಳಿಸಿದ್ದಾಳೆ. “ಎವ್ವಳವು ಚೆನ್ನಾಗಿ ಬರ್ದಿದಾರೆ ನೋಡಿ ಮಾಮಾ. ನಾಳೆ ದುಡ್ಡು ಕಟ್ಟೋಣಾಂತ ಇದೀನಿ,” ಎಂದು ಓದತೊಡಗಿದಳು. ನಿಪುಣರ ಮಂಡಳಿಯು ತಮ್ಮ ಆವಿಷ್ಕಾರವನ್ನು ಅತ್ಯಾಸಕ್ತಿಯಿಂದ ಪರಿಶೀಲಿಸಿದೆ. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯವನ್ನು ನಾನೇ ಹೇಳಿದೆ. ಪದಕ್ಕೆ ಪದ ಅಲ್ಲದಿದ್ದರೂ ಹೆಚ್ಚುಕಮ್ಮಿ ಅದೇ ಇತ್ತು. ಸರೋಜ ಕಾಗದವನ್ನೂ ನನ್ನನ್ನೂ ನೋಡಿದಳು. ನಾನು ಅಭ್ಯಾಸಬಲದಿಂದ ಎಡಮೂಲೆ ನೋಡಿದೆ. ಅಲ್ಲಿ ಯಾರ ಅಕ್ಷರವೂ ಇರಲಿಲ್ಲ, ಈಗ ಟೈಪಿಸ್ಟರೇ ಇಲ್ಲವಲ್ಲ.

“ಇದನ್ನ ಯಾರ್ಯಾರಿಗೆ ಹೇಳಿದೀಯಮ್ಮ?” ಎಂದು ಕೇಳಿದೆ.

“ಈ ಕಂಪನಿಯೋರಿಗೆ ಮಾತ್ರ. ಮನೇಲಿ ಕೂಡ ಯಾರ ಮುಂದೇನೂ ಈ ಮಾತು ಎಡುಕ್ಕಲೇ ಇಲ್ಲ.”

“ದುಡ್ಡು ಈಗ ಬೇಡ. ಹೋಗಿ ಆ ಸ್ಟ್ಯಾಂಡು ತಗೊಂಡು ಬಾ, ಮಲ್ಲಿಗೇನೂ ತಾ. ಕಟ್ಟಿ ತೋರಿಸು.”

ಅವಳು ತಂದು ನನ್ನ ಮುಂದೆ ಕೂತು ಕಟ್ಟಿದಳು. ಐದನೆಯ ಗಂಟಿಗೆ ದಾರ ಜಾರಿತು. ಎಲ್ಲಿ ಜಾರಿತೆಂದು ಇಬ್ಬರೂ ಬಗ್ಗಿ ನೋಡಿದೆವು, ಸರಿ ಮಾಡಲು ಆಗದ್ದೇನಲ್ಲ. ಅಷ್ಟರಲ್ಲಿ ನೆಂಟರ ಸದ್ದು ಕೇಳಿ, ನಾನು ಹೆಗಲ ಮೇಲಿನ ಟವೆಲನ್ನು ಸ್ಟ್ಯಾಂಡಿನ ಮೇಲೆ ಹೊದಿಸಿದೆ. ಆಮೇಲೆ ಮನೆಗೆ ಬಂದು, ಸಾಂಬಾರಿನ ಎರಡು ಹನಿಯ ಪಂಚೆಯಲ್ಲೇ ಕೂತು, ಆ ಕಂಪನಿಗೆ ಒಂದು ಕಾಗದ ಬರೆದೆ. ಒಂದೇ ಪ್ರಶ್ನೆ: ಸರೋಜಳ ಅರ್ಜಿಯ ನಂಬರೇನು, ತಾರೀಖೇನು? ಕೊನೆಯಲ್ಲಿ ಲೇಖನಿ ತಾನಾಗಿಯೇ ‘ಒಬ್ಬ’ ಎಂದು ಶುರುಮಾಡಿತು. ಅದನ್ನು ಹೊಡೆದುಹಾಕಿ, ದಪ್ಪ ಅಕ್ಷರಗಳಲ್ಲಿ ನನ್ನ ಪೂರ್ತಿ ಹೆಸರು ಬರೆದೆ.